ಹ್ಯಾಗ್ಲರ್–ಲಿಯೊನಾರ್ಡ್ ಮರುಪಂದ್ಯ ನಡೆದಿದ್ದರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ಬಾಕ್ಸಿಂಗ್ ಹುಚ್ಚಿರುವ ಕನ್ನಡದವರು ನಾವು ಒಂದಷ್ಟು ಜನ ಇದ್ದೇವೆ. ಮಾಟುಂಗಾ, ಸಯನ್, ಡೊಂಬಿವಲಿ ಕಡೆಯವರೇ ಜಾಸ್ತಿ. ಕೆಲವು ಹುಡುಗರು ನಾಗಪಾಡಾಕ್ಕೆ ಪ್ರಾಕ್ಟೀಸಿಗೂ ಹೋಗುತ್ತಾರೆ. ಭಾನುವಾರ ಕಿಂಗ್ಸ್ ಸರ್ಕಲ್ ಹತ್ತಿರ ಕಾಫಿಗೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ 1987ರ ಒಂದು ಪಂದ್ಯಕ್ಕೆ ಬಂದು ನಿಲ್ಲುತ್ತದೆ. ಹೊಸಬರು ಬಂದಾಗೆಲ್ಲ ಅವೇ ಪ್ರಶ್ನೆಗಳು. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಹ್ಯಾಗ್ಲರ್ ಕಡೆಯವನು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಣ್ಣಾ, ನೀವೆಲ್ಲ ಮಾತಾಡುವ ಆ ಪಂದ್ಯ ಯಾವುದು?

1987ರ ಏಪ್ರಿಲ್ 6, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್. ನಮಗಿಲ್ಲಿ ಆಗಲೇ 7ನೇ ತಾರೀಖಿನ ಬೆಳಗ್ಗೆ. ಒಂದು ಕಡೆ ಮಿಡಲ್‌ವೇಟ್ ಅನ್ನುವ ತೂಕದ ವರ್ಗದ ಚಾಂಪಿಯನ್ ಮಾರ್ವಲಸ್ ಮಾರ್ವಿನ್ ಹ್ಯಾಗ್ಲರ್, ಇನ್ನೊಂದು ಕಡೆ ಶುಗರ್ ರೇ ಲಿಯೊನಾರ್ಡ್. ಪಣಕ್ಕಿದ್ದದ್ದು ಡಬ್ಲ್ಯೂಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್) ಬೆಲ್ಟ್, ಅಂದರೆ ಅವರ ವಿಶ್ವಪಟ್ಟ.

ಹ್ಯಾಗ್ಲರ್ 1980ರಲ್ಲಿ ಲಂಡನ್ನಿಗೆ ಹೋಗಿ ಅಲನ್ ಮಿಂಟರ್‌ನನ್ನು ಮೂರೇ ರೌಂಡಿನಲ್ಲಿ ಮುಗಿಸಿ ಚಾಂಪಿಯನ್ ಆದವನು. ಆಮೇಲೆ 12 ಸಲ ಪಟ್ಟ ಉಳಿಸಿಕೊಂಡಿದ್ದ. 1976ರಿಂದ ಯಾರಿಗೂ ಸೋತಿರಲಿಲ್ಲ. ಲಿಯೊನಾರ್ಡ್ ಕಥೆಯೇ ಬೇರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಚಿನ್ನ, ವೆಲ್ಟರ್‌ವೇಟ್ ಪಟ್ಟ, ಎಲ್ಲ ಆಗಿ, ಕಣ್ಣಿನ ರೆಟಿನಾ ಕಿತ್ತುಕೊಂಡು 1982ರಲ್ಲಿ ನಿವೃತ್ತನಾಗಿದ್ದ. 1984ರಲ್ಲಿ ಕೆವಿನ್ ಹೋವರ್ಡ್ ಜೊತೆ ಒಂದು ಪಂದ್ಯ ಆಡಿದ. ಅದರಲ್ಲಿ ಕೆಳಗೆ ಬಿದ್ದು, ಎದ್ದು, ಗೆದ್ದು, ಮತ್ತೆ ಬಿಟ್ಟುಬಿಟ್ಟ. ಅಂದರೆ ಐದು ವರ್ಷದಲ್ಲಿ ಒಂದೇ ಪಂದ್ಯ. ಅಂಥವನು ಬಂದು 12 ರೌಂಡ್ ಆಡಿ ಹ್ಯಾಗ್ಲರ್‌ನ ಬೆಲ್ಟ್ ತೆಗೆದುಕೊಂಡು ಹೋದ. ಮರುಪಂದ್ಯ ನಡೆಯಲೇ ಇಲ್ಲ.

ಹ್ಯಾಗ್ಲರ್ ನಿಜವಾಗಿ ಸೋತನಾ, ಇಲ್ಲ ಜಡ್ಜ್‌ಗಳು ಸೋಲಿಸಿದರಾ?

ಪ್ರತಿ ರೌಂಡ್ ಗೆದ್ದವನಿಗೆ 10 ಅಂಕ, ಸೋತವನಿಗೆ 9 ಅಂತ ಜಡ್ಜ್‌ಗಳು ಕಾರ್ಡಿನಲ್ಲಿ ಬರೆಯುತ್ತಾರೆ. ಮೂವರು ಜಡ್ಜ್‌ಗಳ ಲೆಕ್ಕ ಹೀಗಿತ್ತು. ಲೂ ಫಿಲಿಪ್ಪೊ 115–113 ಹ್ಯಾಗ್ಲರ್‌ಗೆ ಕೊಟ್ಟ. ಡೇವ್ ಮೊರೆಟ್ಟಿ 115–113 ಲಿಯೊನಾರ್ಡ್‌ಗೆ. ಜೋಜೋ ಗೆರಾ 118–110 ಲಿಯೊನಾರ್ಡ್‌ಗೆ. ಗೆರಾನ ಲೆಕ್ಕ ನೋಡಿದರೆ ಹ್ಯಾಗ್ಲರ್ 12ರಲ್ಲಿ ಎರಡೇ ರೌಂಡ್ ಗೆದ್ದ ಅಂತ ಆಯ್ತು. ಅದನ್ನು ಲಿಯೊನಾರ್ಡ್ ಕಡೆಯವರೂ ಒಪ್ಪುವುದಿಲ್ಲ. ಆ ಕುರ್ಚಿಯಲ್ಲಿ ಮೊದಲು ಕೂರಬೇಕಾಗಿದ್ದವನು ಇಂಗ್ಲೆಂಡಿನ ಹ್ಯಾರಿ ಗಿಬ್ಸ್. ಅವನು ಬೇಡ ಅಂದದ್ದು ಹ್ಯಾಗ್ಲರ್ ಕಡೆಯವರೇ. ಅವನ ಜಾಗಕ್ಕೆ ಬಂದವನು ಗೆರಾ.

ಆದರೆ ಗೆರಾನನ್ನು ಬೈದು ಪ್ರಯೋಜನ ಇಲ್ಲ. ಅವನ ಕಾರ್ಡು 118 ಆದರೂ 115 ಆದರೂ ಒಂದು ವೋಟೇ. ನೋಡಬೇಕಾದದ್ದು ಮೊರೆಟ್ಟಿಯ ಕಾರ್ಡು. ಅದರಲ್ಲಿ ಒಂದೇ ಒಂದು ರೌಂಡ್ ಆಚೀಚೆ ಆಗಿದ್ದರೆ 114–114. ಆಗ ಒಬ್ಬ ಹ್ಯಾಗ್ಲರ್‌ಗೆ, ಒಬ್ಬ ಲಿಯೊನಾರ್ಡ್‌ಗೆ, ಒಬ್ಬ ಸಮ. ಪಂದ್ಯ ಡ್ರಾ. ಡ್ರಾ ಆದರೆ ಬೆಲ್ಟ್ ಚಾಂಪಿಯನ್ ಹತ್ತಿರವೇ ಉಳಿಯುತ್ತದೆ. ಹ್ಯಾಗ್ಲರ್ ಪಟ್ಟ ಕಳಕೊಂಡದ್ದು ಒಬ್ಬ ಜಡ್ಜ್‌ನ ಒಂದು ರೌಂಡಿನಿಂದ.

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಅಂದರೆ, 1979ರ ನವೆಂಬರ್ 30ರಂದು ಇದೇ ಸೀಸರ್ಸ್ ಪ್ಯಾಲೇಸಿನಲ್ಲಿ ಹ್ಯಾಗ್ಲರ್ ಮೊದಲ ಸಲ ಪಟ್ಟಕ್ಕೆ ಆಡಿದ್ದ. ಎದುರಾಳಿ ವಿಟೊ ಆಂಟುಒಫೆರ್ಮೊ. ಹ್ಯಾಗ್ಲರ್ ಗೆದ್ದ ಅಂತಲೇ ತುಂಬಾ ಜನ ಅಂದುಕೊಂಡಿದ್ದರು. ಜಡ್ಜ್‌ಗಳು ಡ್ರಾ ಅಂದರು. ಬೆಲ್ಟ್ ಆಂಟುಒಫೆರ್ಮೊ ಹತ್ತಿರವೇ ಉಳಿಯಿತು. ಅದೇ ರಾತ್ರಿ, ಅದೇ ಜಾಗದಲ್ಲಿ, ವಿಲ್ಫ್ರೆಡ್ ಬೆನಿಟೆಜ್‌ನನ್ನು ಸೋಲಿಸಿ ಲಿಯೊನಾರ್ಡ್ ತನ್ನ ಮೊದಲ ವಿಶ್ವಪಟ್ಟ ಗೆದ್ದ. ಲಿಯೊನಾರ್ಡ್‌ಗೆ ಸಿಕ್ಕಿದ್ದು ಹತ್ತು ಲಕ್ಷ ಡಾಲರ್. ಹ್ಯಾಗ್ಲರ್‌ಗೆ 40,000. ಡ್ರಾ ಅನ್ನುವುದು ಬೇಡವಾದಾಗ ಬಂತು, ಬೇಕಾದಾಗ ಬರಲಿಲ್ಲ.

ನಿಮ್ಮ ಪ್ರಕಾರ 1987ರಲ್ಲಿ ಗೆದ್ದವರು ಯಾರು?

ನಾನು ಅಂಕ ಹಾಕಿದಾಗ 114–114 ಬರುತ್ತದೆ. ಲಿಯೊನಾರ್ಡ್ ಗೆದ್ದ ಅಂದರೆ ಅದು ಅನ್ಯಾಯ ಅಂತ ನಾನು ಜಗಳ ಆಡುವುದಿಲ್ಲ. ಅಂಥ ಹತ್ತಿರದ ಪಂದ್ಯ. ಹತ್ತಿರದ ಪಂದ್ಯ ಅನ್ನುವ ಕಾರಣಕ್ಕೇ ಇನ್ನೊಮ್ಮೆ ನಡೆಯಬೇಕಾಗಿತ್ತು.

ಹ್ಯಾಗ್ಲರ್ ಎಡಗೈ ಆಟಗಾರ ಅಲ್ವಾ? ಮೊದಲ ರೌಂಡ್‌ಗಳಲ್ಲಿ ಬಲಗೈಯವನ ಹಾಗೆ ಯಾಕೆ ನಿಂತ?

ಇದನ್ನು ನಾಗಪಾಡಾಕ್ಕೆ ಹೋಗುವ ಹುಡುಗರೇ ಜಾಸ್ತಿ ಕೇಳುತ್ತಾರೆ. ಕಾಲಿನ ಕೆಲಸ ಕಲಿಯುತ್ತಿರುವವರಿಗೆ ಇದು ಕೂಡಲೇ ಕಣ್ಣಿಗೆ ಬೀಳುತ್ತದೆ. ಹ್ಯಾಗ್ಲರ್ ಎರಡೂ ಕಡೆಯಿಂದ ಆಡಬಲ್ಲವನು. ಲಿಯೊನಾರ್ಡ್‌ಗೆ ಗಲಿಬಿಲಿ ಮಾಡೋಣ, ಅವನ ಆಟವನ್ನೇ ಆಡಿ ಅವನನ್ನು ಸೋಲಿಸೋಣ ಅನ್ನುವ ಹಟ ಇತ್ತು ಅಂತ ನನಗನ್ನಿಸುತ್ತದೆ. ಅದು ದುಬಾರಿ ಆಯ್ತು.

ಯಾಕೆ ಅಂತ ಕಾಲು ನೋಡಿ ತಿಳಿಯಬೇಕು. ಸೌತ್‌ಪಾ, ಅಂದರೆ ಎಡಗೈಯವನು, ಬಲಗಾಲು ಮುಂದಿಟ್ಟು ನಿಲ್ಲುತ್ತಾನೆ. ಎದುರಿನ ಬಲಗೈಯವನ ಎಡಗಾಲು ಮುಂದಿರುತ್ತದೆ. ಹಾಗಾಗಿ ಇಬ್ಬರ ಮುಂಗಾಲು ಎದುರುಬದುರು ಬರುತ್ತವೆ. ಎಡಗೈಯವನ ದೊಡ್ಡ ಗುದ್ದು ಎಡಗೈಯಿಂದ ಬರುವುದರಿಂದ ಬಲಗೈಯವನು ಅದರಿಂದ ದೂರ, ತನ್ನ ಎಡಕ್ಕೆ ಸುತ್ತುತ್ತಾ ಇರುತ್ತಾನೆ. ಲಿಯೊನಾರ್ಡ್ ಕೂಡ ಅದನ್ನೇ ಮಾಡಬೇಕು. ಆಗ ಹ್ಯಾಗ್ಲರ್ ಬಲಗಾಲನ್ನು ಅವನ ಎಡಗಾಲಿನ ಹೊರಗಡೆ ಇಟ್ಟರೆ ದಾರಿ ಬಂದ್. ಸುತ್ತಿಕೊಂಡು ಬರುವವನು ನೇರ ಬಲಗೈ ಹುಕ್ಕಿನ (ಪಕ್ಕದಿಂದ ಬೀಸುವ ಗುದ್ದು) ಬಾಯಿಗೇ ಬರುತ್ತಾನೆ. ಇಷ್ಟು ವರ್ಷ ಹ್ಯಾಗ್ಲರ್ ಬದುಕಿದ್ದೇ ಆ ಒಂದು ಹೆಜ್ಜೆಯ ಮೇಲೆ. ಬಲಗೈಯವನ ಹಾಗೆ ನಿಂತ ಕೂಡಲೇ ಆ ಹೆಜ್ಜೆ ಹೋಯ್ತು. ಲಿಯೊನಾರ್ಡ್ ಎಡಕ್ಕೂ ಬಲಕ್ಕೂ ಆರಾಮಾಗಿ ಓಡಾಡಿದ.

ಮೊದಲ ಎರಡು ರೌಂಡ್ ನೋಡಿದವರು ಬಹುಪಾಲು ಲಿಯೊನಾರ್ಡ್‌ಗೇ ಕೊಡುತ್ತಾರೆ, ನಾನೂ ಕೊಡುತ್ತೇನೆ. ನಾಲ್ಕನೇ ರೌಂಡಿನಲ್ಲಿ ಅವನು ಕೈ ತಿರುಗಿಸಿ ತಿರುಗಿಸಿ ಹೊಟ್ಟೆಗೆ ಒಂದು ಬೋಲೊ ಪಂಚ್ ಹಾಕಿದ. ಮೊದಲ ರೌಂಡಿನಿಂದ ಸರಿಯಾಗಿ ಆಡಿದ ಹ್ಯಾಗ್ಲರ್ ಎದುರು ಅಂಥ ಧೈರ್ಯ ಬರುತ್ತಿರಲಿಲ್ಲ. ತನ್ನ ಸರಿಯಾದ ನಿಲುವಿಗೆ ಬಂದ ಮೇಲೆ ಐದನೇ ರೌಂಡಿನಲ್ಲಿ ಹ್ಯಾಗ್ಲರ್‌ನ ಅಪ್ಪರ್‌ಕಟ್, ಅಂದರೆ ಕೆಳಗಿನಿಂದ ಮೇಲಕ್ಕೆ ಹಾಕುವ ಗುದ್ದು, ಲಿಯೊನಾರ್ಡ್‌ನನ್ನು ಅಲ್ಲಾಡಿಸಿತು. ಪಂದ್ಯ ಅಲ್ಲಿಂದ ಶುರುವಾಯ್ತು ಅನ್ನಬೇಕು.

ಪ್ರತಿ ರೌಂಡಿನ ಕೊನೆಯ 30 ಸೆಕೆಂಡ್ ಮಾತ್ರ ಲಿಯೊನಾರ್ಡ್ ಆಡಿದ ಅನ್ನುವುದು ನಿಜವಾ?

ಮಾತ್ರ ಅನ್ನುವುದು ತಪ್ಪು. ಆದರೆ ಅವನ ಕಾರ್ನರಿನಿಂದ, ಅಂದರೆ ರಿಂಗಿನ ಮೂಲೆಯಲ್ಲಿ ನಿಂತ ಅವನ ಕಡೆಯವರು, ಸಮಯ ಕೂಗಿ ಹೇಳುತ್ತಿದ್ದರು, ಅದು ಕೇಳಿದ ಕೂಡಲೇ ಅವನು ಪಟಪಟ ಅಂತ ಗುದ್ದುಗಳ ಮಳೆ ಸುರಿಸುತ್ತಿದ್ದ. ರೌಂಡಿನ ಕೊನೆಗೆ ಕಂಡದ್ದೇ ಜಡ್ಜ್‌ನ ತಲೆಯಲ್ಲಿ ಉಳಿಯುತ್ತದೆ. ಅದು ಮೋಸ ಅಲ್ಲ, ಬುದ್ಧಿ. ಅವನ ಕಾರ್ನರಿನಲ್ಲಿ ಏಂಜೆಲೊ ಡಂಡಿ ಇದ್ದ. ಮೊಹಮ್ಮದ್ ಅಲಿಯನ್ನು ತಯಾರು ಮಾಡಿದವನು.

ಗುದ್ದುಗಳ ಲೆಕ್ಕ ಏನು ಹೇಳುತ್ತದೆ?

ಲಿಯೊನಾರ್ಡ್ 629 ಹಾಕಿ 306 ತಗುಲಿಸಿದ. ಹ್ಯಾಗ್ಲರ್ 792 ಹಾಕಿ 291 ತಗುಲಿಸಿದ. ತಗುಲಿದ್ದರಲ್ಲಿ ಫರಕು ಬರೀ 15. ಗಟ್ಟಿ ಗುದ್ದುಗಳು ಹ್ಯಾಗ್ಲರ್‌ದು ಅಂತ ನನ್ನ ಕಣ್ಣು ಹೇಳುತ್ತದೆ, ಲೆಕ್ಕದಲ್ಲಿ ಗಟ್ಟಿ ಯಾವುದು ಮೆತ್ತಗೆ ಯಾವುದು ಅಂತ ಇರುವುದಿಲ್ಲ.

ಮರುಪಂದ್ಯ ಯಾಕೆ ಆಗಲಿಲ್ಲ?

ಲಿಯೊನಾರ್ಡ್ ಗೆದ್ದ ಸ್ವಲ್ಪ ದಿನದಲ್ಲೇ ಮತ್ತೆ ನಿವೃತ್ತಿ ಅಂದ, ಬೆಲ್ಟನ್ನೂ ಬಿಟ್ಟುಕೊಟ್ಟ. ಹ್ಯಾಗ್ಲರ್ ಒಂದು ವರ್ಷಕ್ಕಿಂತ ಜಾಸ್ತಿ ಕಾದ. ಕರೆ ಬರಲಿಲ್ಲ. 1988ರ ಜೂನ್‌ನಲ್ಲಿ ಅವನೂ ನಿವೃತ್ತಿ ಹೇಳಿದ. ಅದೇ ವರ್ಷದ ನವೆಂಬರ್‌ನಲ್ಲಿ ಲಿಯೊನಾರ್ಡ್ ವಾಪಸ್ ಬಂದು ಡಾನಿ ಲಲಾಂಡ್ ಜೊತೆ ಆಡಿದ! 1989ರಲ್ಲಿ ಟಾಮಿ ಹರ್ನ್ಸ್‌ಗೆ ಮರುಪಂದ್ಯ ಕೊಟ್ಟ. ಅದೇ ವರ್ಷ ರಾಬರ್ಟೊ ಡುರಾನ್ ಜೊತೆ ಮೂರನೇ ಸಲ ಆಡಿದ. ಎಲ್ಲರಿಗೂ ಸಿಕ್ಕಿತು, ಹ್ಯಾಗ್ಲರ್‌ಗೆ ಮಾತ್ರ ಸಿಗಲಿಲ್ಲ. 1990ರ ಹೊತ್ತಿಗೆ ಮರುಪಂದ್ಯದ ಮಾತು ಬಂದಾಗ ಹ್ಯಾಗ್ಲರ್ ಬೇಡ ಅಂದ. ಅಷ್ಟರಲ್ಲಿ ಅವನು ಇಟಲಿಗೆ ಹೋಗಿ ಸಿನಿಮಾದಲ್ಲಿ ನಟಿಸುತ್ತಾ ಬೇರೆ ಜೀವನ ಕಟ್ಟಿಕೊಂಡಿದ್ದ.

ಲಿಯೊನಾರ್ಡ್ ಹೆದರಿದ ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಹರ್ನ್ಸ್, ಡುರಾನ್, ಹ್ಯಾಗ್ಲರ್ ಮೂವರ ಎದುರೂ ನಿಂತವನನ್ನು ಹೆದರುಪುಕ್ಕಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಗೆದ್ದವನು ಕೊಡಬೇಕಾದ ಒಂದು ಅವಕಾಶ ಬಾಕಿ ಉಳಿಯಿತು ಅನ್ನುವುದನ್ನು ನಾನು ಬಿಡುವುದಿಲ್ಲ.

ಸರಿ, 1987ರ ಕೊನೆಯಲ್ಲಿ ನಡೆದಿದ್ದರೆ ಯಾರು ಗೆಲ್ಲುತ್ತಿದ್ದರು?

ಹ್ಯಾಗ್ಲರ್. 12 ರೌಂಡ್, ಅಂಕಗಳ ಮೇಲೆ, ಸುಮಾರು 115–113.

ಇದನ್ನು ಪ್ರೀತಿಯಿಂದ ಹೇಳುತ್ತಿಲ್ಲ, ಅವನ ದಾಖಲೆ ನೋಡಿ ಹೇಳುತ್ತಿದ್ದೇನೆ. ಹ್ಯಾಗ್ಲರ್ ಮತ್ತೆ ಸಿಕ್ಕಿದವರನ್ನು ಏನು ಮಾಡಿದ ನೋಡಿ. 1974ರಲ್ಲಿ ಶುಗರ್ ರೇ ಸೀಲ್ಸ್ ಜೊತೆ ಡ್ರಾ ಆಗಿತ್ತು. 1979ರಲ್ಲಿ ಮತ್ತೆ ಸಿಕ್ಕಾಗ ಮೊದಲ ರೌಂಡಿನಲ್ಲೇ ಮುಗಿಸಿದ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಬಾಬಿ ವಾಟ್ಸ್ ಅವನನ್ನು ಅಂಕದ ಮೇಲೆ ಸೋಲಿಸಿದ್ದ. 1980ರಲ್ಲಿ ವಾಟ್ಸ್ ಎರಡನೇ ರೌಂಡ್ ದಾಟಲಿಲ್ಲ. ಅದೇ 1976ರಲ್ಲಿ ವಿಲ್ಲಿ ಮನ್ರೊ ಕೂಡ ಸೋಲಿಸಿದ್ದ. ಮರುವರ್ಷ ಮನ್ರೊ ಮೇಲೆ ಎರಡು ಸಲ ಗೆದ್ದ, ಮೊದಲು 12ನೇ ರೌಂಡಿನಲ್ಲಿ, ಆಮೇಲೆ ಎರಡನೇ ರೌಂಡಿನಲ್ಲಿ. ಆಂಟುಒಫೆರ್ಮೊ 1979ರಲ್ಲಿ 15 ರೌಂಡ್ ನಿಂತಿದ್ದ. 1981ರಲ್ಲಿ ನಾಲ್ಕು ರೌಂಡ್ ಆದ ಮೇಲೆ ಸ್ಟೂಲಿನಿಂದ ಏಳಲಿಲ್ಲ. ಮುಸ್ತಫಾ ಹಮ್ಶೊ ಮೊದಲ ಸಲ 11ನೇ ರೌಂಡ್ ತನಕ ಬಂದ, ಎರಡನೇ ಸಲ ಮೂರನೆಯದಕ್ಕೇ ಹೋದ. ಫುಲ್ಜೆನ್ಸಿಯೊ ಒಬೆಲ್ಮೇಹಿಯಾಸ್ ಮೊದಲು ಎಂಟನೇ ರೌಂಡು, ಆಮೇಲೆ ಐದನೇ ರೌಂಡು.

ಇದು ಒಂದೆರಡು ಸಲ ಆದ ಅದೃಷ್ಟ ಅಲ್ಲ. ಒಬ್ಬನ ಜೊತೆ ಒಂದು ಸಲ ರಿಂಗಿನಲ್ಲಿ ನಿಂತ ಮೇಲೆ ಹ್ಯಾಗ್ಲರ್ ಅವನನ್ನು ಪೂರಾ ಓದಿಬಿಡುತ್ತಿದ್ದ. ಅವನ ಇಡೀ ಜೀವನದಲ್ಲಿ ತೀರಿಸಲಾಗದೆ ಉಳಿದದ್ದು ಒಂದೇ ಲೆಕ್ಕ, ಲಿಯೊನಾರ್ಡ್‌ದು. ಅದು ಉಳಿದದ್ದು ಅವಕಾಶ ಸಿಗದ ಕಾರಣಕ್ಕೆ.

ಎರಡನೇ ಸಲ ಅವನು ಮೊದಲ ರೌಂಡಿನ ಗಂಟೆ ಹೊಡೆದ ಕೂಡಲೇ ಬಲಗಾಲು ಮುಂದಿಟ್ಟು ಬರುತ್ತಿದ್ದ. ಮೊದಲ ನಾಲ್ಕು ರೌಂಡಿನಲ್ಲಿ ಎರಡಾದರೂ ಅವನಿಗೆ. ಮುಖದ ಹಿಂದೆ ಓಡುವುದು ಬಿಟ್ಟು ಪಕ್ಕೆಗೆ ಹಾಕುತ್ತಿದ್ದ. ಪಕ್ಕೆಗೆ ಬಿದ್ದ ಗುದ್ದು ಆ ಕ್ಷಣ ಕಾಣುವುದಿಲ್ಲ, ಎಂಟನೇ ರೌಂಡಿಗೆ ಕಾಲಿನಲ್ಲಿ ಕಾಣುತ್ತದೆ. ನಿಜವಾಗಿ ನಡೆದ ಪಂದ್ಯದ ಒಂಬತ್ತನೇ ರೌಂಡ್ ನೋಡಿ. ಹ್ಯಾಗ್ಲರ್ ಅವನನ್ನು ಮೂಲೆಗೆ ಒತ್ತಿದ್ದಾನೆ. ಲಿಯೊನಾರ್ಡ್‌ನ ಬೆನ್ನು ಹಗ್ಗಕ್ಕೆ, ಬಾಯಿ ತೆರೆದಿದೆ, ಕಾಲು ಸೋತಿದೆ. ಆದರೂ ಅಲ್ಲಿಂದ ಗುದ್ದುತ್ತಾ ಗುದ್ದುತ್ತಾ ಹೊರಗೆ ಬರುತ್ತಾನೆ. ಬಾಕ್ಸಿಂಗ್‌ನಲ್ಲಿ ನಾನು ಕಂಡ ಅತ್ಯಂತ ಗಟ್ಟಿ ಮನಸ್ಸಿನ ಮೂರು ನಿಮಿಷ ಅದು, ಹ್ಯಾಗ್ಲರ್ ಕಡೆಯವನಾಗಿಯೂ ಹೇಳುತ್ತೇನೆ. ಆದರೆ ಮೊದಲ ರೌಂಡಿನಿಂದ ಪೆಟ್ಟು ತಿಂದು ಬಂದಿದ್ದರೆ ಆ ಮೂಲೆಯಿಂದ ಹೊರಗೆ ಬರುವಷ್ಟು ಉಸಿರು ಅವನಲ್ಲಿ ಇರುತ್ತಿತ್ತಾ? ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಲಿಯೊನಾರ್ಡ್ ಕೂಡ ಮರುಪಂದ್ಯದಲ್ಲಿ ಪಕ್ಕಾ ಅಲ್ವಾ? ಡುರಾನ್‌ನನ್ನು ನೋಡಿ!

ನನ್ನ ವಾದಕ್ಕೆ ಇರುವ ಅತಿ ದೊಡ್ಡ ಅಡ್ಡಿ ಇದೇ. 1980ರ ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಲಿಯೊನಾರ್ಡ್ ಡುರಾನ್‌ನ ಆಟ ಆಡಲು ಹೋಗಿ ಸೋತ. ಐದೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಆಡಿ, ಓಡಾಡಿ, ಕುಣಿದು, ಡುರಾನ್‌ಗೆ ತಲೆ ಕೆಡಿಸಿದ. ಎಂಟನೇ ರೌಂಡಿನಲ್ಲಿ ಡುರಾನ್ ಸಾಕು ಅಂತ ಬೆನ್ನು ತಿರುಗಿಸಿದ. ಅಂಥ ತಲೆ ಲಿಯೊನಾರ್ಡ್‌ದು.

ಐದು ವರ್ಷದ ತುಕ್ಕು ಕೂಡ ಎರಡನೇ ಸಲ ಇರುತ್ತಿರಲಿಲ್ಲ ಅಂತ ಅವನ ಕಡೆಯವರು ಹೇಳುತ್ತಾರೆ. ಸರಿಯಾದ ಮಾತು. ಜೊತೆಗೆ ಚಾಂಪಿಯನ್ ಅವನೇ ಆದ್ದರಿಂದ ಷರತ್ತು ಹಾಕುವವನೂ ಅವನೇ. ಮೊದಲ ಪಂದ್ಯಕ್ಕೇ 20 ಅಡಿಯ ದೊಡ್ಡ ರಿಂಗ್, 10 ಔನ್ಸಿನ ಗ್ಲೌಸ್, 12 ರೌಂಡ್, ಮೂರನ್ನೂ ಕೇಳಿ ಪಡೆದಿದ್ದ. ದೊಡ್ಡ ರಿಂಗಿನಲ್ಲಿ ಓಡಾಡುವವನಿಗೆ ಅನುಕೂಲ, ದಪ್ಪ ಗ್ಲೌಸಿನಲ್ಲಿ ಗುದ್ದುವವನಿಗೆ ನಷ್ಟ. ಹ್ಯಾಗ್ಲರ್ ದುಡ್ಡು ಜಾಸ್ತಿ ತಗೊಂಡ, ಲಿಯೊನಾರ್ಡ್ ಷರತ್ತು ತಗೊಂಡ.

ಆದರೂ ನಾನು ಹ್ಯಾಗ್ಲರ್ ಅನ್ನುವುದಕ್ಕೆ ಕಾರಣ ಒಂದು. ಡುರಾನ್ ಎದುರು ಲಿಯೊನಾರ್ಡ್ ಸೋತಿದ್ದ, ಹಾಗಾಗಿ ಹೊಸ ಉಪಾಯ ಹುಡುಕಿದ. ಹ್ಯಾಗ್ಲರ್ ಎದುರು ಗೆದ್ದಿದ್ದ. ಅವನು ತನ್ನ ಅತ್ಯುತ್ತಮ ಉಪಾಯವನ್ನು ಆಗಲೇ ಖರ್ಚು ಮಾಡಿದ್ದ. ಬದಲಾಯಿಸಲು ಜಾಗ ಇದ್ದದ್ದು ಹ್ಯಾಗ್ಲರ್‌ಗೆ. ತಾನೇ ಸೋಲಿಸಿದ್ದ ಹರ್ನ್ಸ್ ಜೊತೆ ಲಿಯೊನಾರ್ಡ್ ಮತ್ತೆ ಆಡಿದಾಗ ಏನಾಯ್ತು? 1981ರಲ್ಲಿ 14ನೇ ರೌಂಡಿನಲ್ಲಿ ನಿಲ್ಲಿಸಿದ್ದ. 1989ರಲ್ಲಿ ಎರಡು ಸಲ ಕೆಳಗೆ ಬಿದ್ದು ಡ್ರಾ ಮಾಡಿಕೊಂಡ. ಹರ್ನ್ಸ್ ಗೆದ್ದ ಅಂತಲೇ ನೋಡಿದವರಲ್ಲಿ ತುಂಬಾ ಜನ ಹೇಳುತ್ತಾರೆ.

15 ರೌಂಡ್ ಇದ್ದಿದ್ದರೆ?

ಹ್ಯಾಗ್ಲರ್, ಅದರಲ್ಲಿ ನನಗೆ ಅನುಮಾನವೇ ಇಲ್ಲ. 1983ರಲ್ಲಿ ಡುರಾನ್ ಜೊತೆ 13 ರೌಂಡ್ ಆದಾಗ ಜಡ್ಜ್‌ಗಳ ಲೆಕ್ಕದಲ್ಲಿ ಹ್ಯಾಗ್ಲರ್ ಹಿಂದಿದ್ದ. ಕೊನೆಯ ಎರಡು ರೌಂಡ್ ಗೆದ್ದು ಪಟ್ಟ ಉಳಿಸಿಕೊಂಡ. ಆದರೆ 1982ರ ನವೆಂಬರ್‌ನಲ್ಲಿ ರೇ ಮನ್ಸಿನಿ ಜೊತೆ 14 ರೌಂಡ್ ಆಡಿದ ಕೊರಿಯಾದ ಕಿಮ್ ಡುಕ್ ಕೂ ತೀರಿಕೊಂಡ. ಆಮೇಲೆ ಡಬ್ಲ್ಯೂಬಿಸಿ 12 ರೌಂಡಿಗೆ ಇಳಿಸಿತು. ಒಂದು ಜೀವ ಹೋದ ಮೇಲೆ ಬಂದ ನಿಯಮ. ಹ್ಯಾಗ್ಲರ್ ಗೆಲ್ಲಲಿ ಅಂತ ಅದನ್ನು ವಾಪಸ್ ಕೇಳುವುದು ಸರಿಯಲ್ಲ.

ನಾಕೌಟ್ ಆಗುತ್ತಿತ್ತಾ?

ಇಲ್ಲ. ಹ್ಯಾಗ್ಲರ್‌ನನ್ನು ಯಾರೂ ನಾಕೌಟ್ ಮಾಡಿಲ್ಲ. ಲಿಯೊನಾರ್ಡ್ ಬಿದ್ದರೂ ಏಳುವವನು.

1989 ಅಥವಾ 1990ರಲ್ಲಿ ನಡೆದಿದ್ದರೆ?

ಅಂಥ ಪಂದ್ಯ ನನಗೆ ಬೇಡ. ಲಿಯೊನಾರ್ಡ್ ಲಲಾಂಡ್ ಎದುರೂ ಬಿದ್ದಿದ್ದ, ಕಾಲು ನಿಧಾನ ಆಗಿತ್ತು. ಹ್ಯಾಗ್ಲರ್ 1954ರಲ್ಲಿ ಹುಟ್ಟಿದವನು, ವರ್ಷಗಟ್ಟಲೆ ರಿಂಗಿನಿಂದ ಹೊರಗಿದ್ದ. ಯಾರು ಗೆದ್ದರೂ 1987ರ ಪ್ರಶ್ನೆಗೆ ಅದು ಉತ್ತರ ಆಗುತ್ತಿರಲಿಲ್ಲ. ಹ್ಯಾಗ್ಲರ್ ಬೇಡ ಅಂದದ್ದು ಅವನ ಮರ್ಯಾದೆಗೆ ತಕ್ಕ ಕೆಲಸ.

ನಮ್ಮ ಮುಂಬೈ ಕನ್ನಡದ ಹಿರಿಯರಿಗೆ ಹ್ಯಾಗ್ಲರ್ ಅಂದರೆ ಯಾಕೆ ಅಷ್ಟು ಪ್ರಾಣ?

ಲಿಯೊನಾರ್ಡ್ ಒಲಿಂಪಿಕ್ಸ್‌ನಿಂದ ನೇರ ಟಿವಿಗೆ ಬಂದವನು. ಹ್ಯಾಗ್ಲರ್ ನ್ಯೂವಾರ್ಕ್‌ನಲ್ಲಿ ಹುಟ್ಟಿ, ಅಲ್ಲಿ ಗಲಭೆ ಆದ ಮೇಲೆ ಮನೆಯವರ ಜೊತೆ ಬ್ರಾಕ್ಟನ್ ಅನ್ನುವ ಊರಿಗೆ ಬಂದ ಹುಡುಗ. ಅಲ್ಲಿ ಪೆಟ್ರೊನೆಲ್ಲಿ ಅಣ್ಣತಮ್ಮಂದಿರ ಜಿಮ್ ಸೇರಿದ. ಹಗಲು ಅವರ ಹತ್ತಿರವೇ ಕಟ್ಟಡದ ಕೆಲಸ, ಸಂಜೆ ಬಾಕ್ಸಿಂಗ್. 1973ರಿಂದ ಆಡಿದರೂ ಪಟ್ಟದ ಪಂದ್ಯ ಸಿಗಲು ಆರು ವರ್ಷ ಹಿಡಿಯಿತು. ಹೆಸರು ಬಂದ ಮೇಲೂ ಪೆಟ್ರೊನೆಲ್ಲಿಗಳನ್ನು ಬಿಡಲಿಲ್ಲ.

ಊರು ಬಿಟ್ಟು ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡದ ನೈಟ್ ಸ್ಕೂಲಿನಲ್ಲಿ ಕೂತು ಎಸ್ಸೆಸ್ಸಿ ಮಾಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅವರಿಗೆ ಹ್ಯಾಗ್ಲರ್‌ನನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಅವನಿಗೆ ಒಂದು ರೌಂಡಿನಿಂದ ತಪ್ಪಿಹೋದದ್ದು ಅವರಿಗೆ ತಮ್ಮದೇ ಆದ ನಷ್ಟ. ಈಗಿನ ಹುಡುಗರು ಲಿಯೊನಾರ್ಡ್ ಕಡೆ ವಾಲುತ್ತಾರೆ. ವೇಗ ನೋಡಿ ಮರುಳಾಗುತ್ತಾರೆ. ಅದೂ ತಪ್ಪಲ್ಲ, ಆ ವೇಗ ಹಾಗೇ ಇತ್ತು.

ಅಲಿ–ಫೋರ್‌ಮನ್ ಮರುಪಂದ್ಯದ ಬಗ್ಗೆ ಯಾಕೆ ಬರೆಯಲಿಲ್ಲ?

1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಎಂಟನೇ ರೌಂಡಿನಲ್ಲಿ ಫೋರ್‌ಮನ್‌ನನ್ನು ಕೆಳಗೆ ಹಾಕಿದ. ಅದರಲ್ಲಿ ಯಾರು ಗೆದ್ದರು ಅನ್ನುವ ಜಗಳವೇ ಇಲ್ಲ. ಮತ್ತೆ ಆಡಿದ್ದರೆ ಫೋರ್‌ಮನ್ ಅಷ್ಟು ಬೇಗ ಸುಸ್ತಾಗುತ್ತಿರಲಿಲ್ಲ, ಅಷ್ಟು ಹೇಳಬಹುದು. ಅಲಿ 1980ರಲ್ಲಿ ಭಾರತಕ್ಕೆ ಬಂದು ದೆಹಲಿಯಲ್ಲಿ ನಮ್ಮ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದ. ಹಾಗಾಗಿ ಅವನ ಮಾತು ಬಂದರೆ ಇಲ್ಲಿ ಬೇಗ ಮುಗಿಯುವುದಿಲ್ಲ. ಅದು ಇನ್ನೊಂದು ಭಾನುವಾರಕ್ಕೆ.

ಹ್ಯಾಗ್ಲರ್ ಆಮೇಲೆ ಮತ್ತೆ ಆಡಲೇ ಇಲ್ವಾ?

ಇಲ್ಲ. 1987ರ ಆ ಪಂದ್ಯವೇ ಕೊನೆ. 2021ರ ಮಾರ್ಚ್ 13ರಂದು ತೀರಿಕೊಂಡ. ತಾನೇ ಗೆದ್ದದ್ದು ಅಂತ ಕೊನೆ ತನಕ ಹೇಳುತ್ತಿದ್ದ. ಬಿಟ್ಟ ಮೇಲೆ ವಾಪಸ್ ಬರದ ದೊಡ್ಡ ಬಾಕ್ಸರ್‌ಗಳು ತೀರಾ ಕಡಿಮೆ. ಲಿಯೊನಾರ್ಡ್ 1991ರಲ್ಲಿ ಟೆರಿ ನಾರಿಸ್‌ಗೆ, 1997ರಲ್ಲಿ ಹೆಕ್ಟರ್ ಕಮಾಚೊಗೆ ಸೋತ ಮೇಲೇ ನಿಲ್ಲಿಸಿದ.

ನಾನೇ ಪಂದ್ಯ ನೋಡಿ ಅಂಕ ಹಾಕಬೇಕು. ಹೇಗೆ?

ಮೊದಲು ಸೌಂಡ್ ಪೂರಾ ಆಫ್ ಮಾಡಿ. ಕಾಮೆಂಟರಿ ಮತ್ತು ಜನರ ಕೂಗು ನಿಮ್ಮ ಕೈ ಹಿಡಿದು ಬರೆಸುತ್ತವೆ. ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ಪ್ರತಿ ರೌಂಡ್ ಮುಗಿದ ಕೂಡಲೇ ಬರೆಯಿರಿ, ಕೊನೆಗೆ ಕೂತು ಬರೆಯಬೇಡಿ. ಲೋಕಲ್ ಟ್ರೈನಿನಲ್ಲಿ ಮೊಬೈಲಿನಲ್ಲಿ ನೋಡಿದರೆ ಪಕ್ಕೆಗೆ ಬೀಳುವ ಗುದ್ದುಗಳು ಕಾಣುವುದೇ ಇಲ್ಲ, ಮನೆಯಲ್ಲಿ ದೊಡ್ಡ ಪರದೆಯಲ್ಲಿ ನೋಡಿ. ಲಿಯೊನಾರ್ಡ್‌ನ ಪಟಪಟ ಗುದ್ದುಗಳಲ್ಲಿ ಎಷ್ಟು ಗ್ಲೌಸಿಗೂ ಮೊಣಕೈಗೂ ಬಿದ್ದವು ಅಂತ ನಿಧಾನ ಮಾಡಿ ನೋಡಿ. ಹ್ಯಾಗ್ಲರ್ ಎಷ್ಟು ಸಲ ಗಾಳಿಗೆ ಗುದ್ದಿದ ಅನ್ನುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಲೆಕ್ಕ ಹಾಕಿ. ಮೂರು, ಏಳು, ಹತ್ತು, ಈ ಮೂರು ರೌಂಡಿಗೆ ನಮ್ಮಲ್ಲಿ ಇವತ್ತಿಗೂ ಒಮ್ಮತ ಇಲ್ಲ. ನಿಮ್ಮ ಕಾರ್ಡು ತಯಾರಾದರೆ ಭಾನುವಾರ ತಗೊಂಡು ಬನ್ನಿ.